ಗದ್ದೆಯ ಕಳೆಗೆ ಸಿಲಿಂಡರ್ ಇಟ್ಟ ಕಥೆ

"ಅಪ್ಪನಿಗೆ ಎಂತಾಯ್ತು?" ಅಂತ ಉಪ್ಪಳದ ಹೋಟೆಲಿನ ಎದುರು ಪರಿಚಯದವರೊಬ್ಬರು ಕೇಳಿದಾಗ ನನಗೆ ತಕ್ಷಣ ತಲೆಗೆ ಹೋಗ್ಲಿಲ್ಲ. ಅವರ ಕಣ್ಣು ನನ್ನ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಗೋಣಿ ಸುತ್ತಿ ನಿಲ್ಲಿಸಿದ್ದ ಸಿಲಿಂಡರಿನ ಮೇಲಿತ್ತು. ಕೊರೋನ ಬಂದು ಹೋದ ಮೇಲೆ ಸಣ್ಣ ಸಿಲಿಂಡರ್ ಕಂಡ್ರೆ ಸಾಕು, ಜನ ಆಕ್ಸಿಜನ್ ಅಂತ್ಲೇ ತಿಳ್ಕೊಳ್ಳುವುದು. ಇಲ್ಲ ಇಲ್ಲ, ಅಪ್ಪ ಹುಷಾರಿದ್ದಾರೆ, ಇದು ಗಿಡಕ್ಕೆ ಅಂದೆ. ಗಿಡಕ್ಕಾ? ಹೌದು, ಕಾರ್ಬನ್ ಡಯಾಕ್ಸೈಡ್, ಮೀನಿನ ಟ್ಯಾಂಕಿನ ಒಳಗಿನ ಗಿಡಕ್ಕೆ, ಮಂಗಳೂರಲ್ಲಿ ಬೆಂಕಿ ಆರಿಸುವ ಸಿಲಿಂಡರ್ ತುಂಬಿಸುವ ಅಂಗಡಿಯಿಂದ ಫಿಲ್ ಮಾಡಿಸಿ ತಂದದ್ದು. ಅವರು ಒಮ್ಮೆ ನನ್ನ ಮುಖ ನೋಡಿದ್ರು, ಒಮ್ಮೆ ರಸ್ತೆಯಾಚೆ ನೋಡಿದ್ರು, ಅಲ್ಲಿ ಮಳೆಗೆ ಚರಂಡಿಯಿಂದ ಹಿಡಿದು ಕಾಂಪೌಂಡು ಗೋಡೆಯ ಮೇಲಿನವರೆಗೆ ಎಲ್ಲ ಹಸಿರೇ ಹಸಿರು. "ಆಯ್ತು ಹಾಗಾದ್ರೆ" ಅಂತ ಹೇಳಿ ಒಳಗೆ ಹೋದ್ರು. ಆ "ಆಯ್ತು ಹಾಗಾದ್ರೆ" ಮನೆ ಮುಟ್ಟುವವರೆಗೆ ನನ್ನ ಹಿಂದಿನ ಸೀಟಲ್ಲಿ ಕೂತು ಬಂತು.

ಯಾಕಂದ್ರೆ ಅವರು ಬಾಯಿಬಿಟ್ಟು ಹೇಳದೆ ಬಿಟ್ಟದ್ದು ಸರಿಯಾಗಿಯೇ ಉಂಟು. ನಾನು ಸಿಲಿಂಡರ್ ಇಟ್ಟು, ಲೈಟು ಇಟ್ಟು, ತೂಕದ ತಕ್ಕಡಿಯಲ್ಲಿ ಗೊಬ್ಬರ ಅಳೆದು ಸಾಕ್ತಾ ಇರುವ ಈ ಗಿಡ ಅಮೆಜಾನ್ ಕಾಡಿನದ್ದಲ್ಲ. ಅದು ದಕ್ಷಿಣ ಭಾರತದ್ದೇ.

ಐದು ಕಡ್ಡಿ, ನೂರೆಂಬತ್ತು ರೂಪಾಯಿ

ಹೆಸರು ರೊಟಾಲ ಮಕ್ರಾಂಡ್ರ. ಅಕ್ವೇರಿಯಂ ಹುಚ್ಚಿನವರಿಗೆ ಇದನ್ನು ಪರಿಚಯ ಮಾಡಿಸ್ಬೇಕಾಗಿಲ್ಲ, ಉಳಿದವರಿಗೆ ಇಷ್ಟು ಸಾಕು: ತೆಳ್ಳಗಿನ ಕಾಂಡ, ಎದುರೆದುರು ಜೋಡಿ ಎಲೆ, ಅಂಚು ಸ್ವಲ್ಪ ಅಲೆಅಲೆ, ಚೆನ್ನಾಗಿ ಬಂದ್ರೆ ಕುಂಕುಮಕ್ಕೂ ದಾಸವಾಳಕ್ಕೂ ನಡುವಿನ ಒಂದು ಬಣ್ಣ, ಚೆನ್ನಾಗಿ ಬಾರದಿದ್ರೆ ಹಳೆ ಗೋಣಿಯ ಬಣ್ಣ. ಕೊಯ್ನೆ ಅಂತ ಜರ್ಮನಿಯ ಸಸ್ಯಶಾಸ್ತ್ರಜ್ಞ ಇಟ್ಟ ಹೆಸರು, ಮಕ್ರಾಂಡ್ರ ಅಂದ್ರೆ ದೊಡ್ಡ ಕೇಸರದ್ದು ಅಂತ ಅರ್ಥ. ಮದರಂಗಿ, ದಾಳಿಂಬೆ ಎಲ್ಲ ಇದರ ಕುಟುಂಬದವೇ. ಇದು ಗೊತ್ತಾದ ದಿನ ನಾನು ಅಮ್ಮನತ್ರ ಹೇಳಿದೆ, ನಮ್ಮ ಮದರಂಗಿಯ ನೆಂಟ ಅಂತೆ ಇದು, ಹಾಗೇ ಕೆಂಪು. ಅಮ್ಮ, "ಮದರಂಗಿ ಗಿಡ ಹಸಿರಲ್ವಾ" ಅಂದ್ರು. ಅದೂ ಸರಿ.

ಮೊದಲನೇ ಸಲ ತರಿಸಿದ್ದು ಐದು ಕಡ್ಡಿ, 180 ರೂಪಾಯಿ, ಕೊರಿಯರ್ ಚಾರ್ಜು ಬೇರೆ. ಬುಧವಾರ ಬರ್ಬೇಕಾದ ಪಾರ್ಸೆಲ್, ಗುರುವಾರ ಹರತಾಳ, ಶುಕ್ರವಾರ ಕೊರಿಯರಿನ ಹುಡುಗ ಫೋನ್ ಮಾಡಿ ಮಲಯಾಳದಲ್ಲಿ "ಇದರೊಳಗೆ ಎಂತ ಚೇಟಾ, ಬಾಕ್ಸ್ ಒದ್ದೆ ಉಂಟಲ್ಲ" ಅಂತ ಕೇಳಿದ. ಬದಿಯಡ್ಕದಲ್ಲಿ ಕೆಲಸ ಮುಗಿಸಿ ಅದನ್ನು ತಕ್ಕೊಂಡು ಮನೆಗೆ ಬಂದು ಜಗಲಿಯಲ್ಲಿ ಬಿಚ್ಚಿದೆ. ಒದ್ದೆ ಪೇಪರಿನ ಒಳಗೆ ಐದು ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅರ್ಧ ಎಲೆ ಬೇಯಿಸಿದ ಬಸಳೆಯ ಹಾಗೆ. ಅಪ್ಪ ಅಡಿಕೆ ಸುಲಿಯುವ ಮಣೆಯಿಂದ ಎದ್ದು ಬಂದು ನೋಡಿದ್ರು. ಒಂದು ಕಡ್ಡಿ ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಪುನಃ ಪೇಪರಿನಲ್ಲಿಟ್ಟು ಕೇಳಿದ್ರು, "ಗದ್ದೆಯ ಕಳೆಗೆ ಪೈಸೆ ಕೊಟ್ಟದ್ದಾ ನೀನು?"

ಕಳೆ ಅಲ್ಲ ಅಪ್ಪ, ಇದು ಬೇರೆ ಅಂತ ನಾನು ಶುರು ಮಾಡಿದೆ. ಅಪ್ಪ ಕೇಳ್ಲಿಲ್ಲ. ಕೆಳಗಿನ ಬೈಲಿನಲ್ಲಿ ಏಣೆಲು, ಅಂದ್ರೆ ಮಳೆಗಾಲದ ಭತ್ತದ ಬೇಸಾಯ ಮಾಡುವಾಗ ನೇಜಿಯ ಎಡೆಯಲ್ಲಿ ಇಂಥದ್ದೇ ಬರ್ತಿತ್ತು, ನೀರಿನ ಒಳಗೆ ಇರುವಾಗ ಕೆಂಪು, ಮೇಲೆ ಬಂದ್ರೆ ಹಸಿರು, ಹೆಂಗಸರು ಕಿತ್ತು ಕಿತ್ತು ಗದ್ದೆಯ ಬದುವಿಗೆ, ಕಟ್ಟಪುಣಿಗೆ ಎಸೀತಿದ್ರು, ಅಂದ್ರು. ರೊಟಾಲದಲ್ಲಿ ಗದ್ದೆಯ ಕಳೆ ಅಂತ ಹೆಸರು ಮಾಡಿದ ಜಾತಿಗಳೇ ಇದ್ದಾವೆ, ರೊಟಾಲ ಇಂಡಿಕ ಅನ್ನುವುದು ಭತ್ತದ ಗದ್ದೆಯ ಹಳೇ ಗಿರಾಕಿ. ಮಲಬಾರಿನ ಹೆಸರು ಹೊತ್ತದ್ದು ಒಂದುಂಟು, ಮಲಂಪುಳ ಅಣೆಕಟ್ಟಿನ ಊರಿನ ಹೆಸರು ಹೊತ್ತದ್ದು ಇನ್ನೊಂದುಂಟು. ಆದ್ರೆ ಆ ಹೊತ್ತಿಗೆ ನನಗೆ ಇದ್ಯಾವುದೂ ಗೊತ್ತಿರ್ಲಿಲ್ಲ, ಅಪ್ಪನ ಮಾತು ಮರ್ಯಾದೆ ತೆಗೆದ ಹಾಗೆ ಆಯ್ತು ಅಷ್ಟೆ. ಟ್ಯಾಂಕಿಗೆ ನೆಟ್ಟೆ. ನಾಲ್ಕನೇ ದಿನಕ್ಕೆ ಕೆಳಗಿನ ಎಲೆ ಪಾರದರ್ಶಕ ಆದವು, ಎಂಟನೇ ದಿನಕ್ಕೆ ಕಾಂಡವೇ ಮೆತ್ತಗಾಗಿ ಒಂದೊಂದಾಗಿ ಮೇಲೆ ತೇಲಿದವು. ಈ ಹವ್ಯಾಸದವರು ಇದಕ್ಕೆ ಮೆಲ್ಟ್ ಆಗುವುದು ಅಂತಾರೆ. ಕರಗುವುದು. ಸರಿಯಾದ ಶಬ್ದವೇ, ಬೆಳಿಗ್ಗೆ ಎದ್ದು ನೋಡಿದ್ರೆ ನಿನ್ನೆ ಇದ್ದ ಎಲೆ ಇವತ್ತು ಬರೀ ನೀರು.

ಗಿಡಕ್ಕೆ ಬೇಕಾದ್ದು

ಆಮೇಲೆ ಎರಡು ವರ್ಷ ನಾನು ಮಾಡಿದ್ದನ್ನೆಲ್ಲ ಬರೀಲಿಕ್ಕೆ ಹೋದ್ರೆ ಓದುವವರಿಗೆ ಬೇಜಾರು. ಜಪಾನಿನ ತಕಾಶಿ ಅಮಾನೊ ಮಾಡಿದ ಟ್ಯಾಂಕುಗಳ ಫೋಟೋ ನೋಡಿ ಹಾಳಾದವರು ಪ್ರಪಂಚದಲ್ಲಿ ಲಕ್ಷಗಟ್ಟಲೆ ಇದ್ದಾರೆ, ನಾನೊಬ್ಬ ಜಾಸ್ತಿ. ಒಟ್ಟು ಲೆಕ್ಕ ಹೀಗೆ: ನೀರು ಮೃದು ಇರ್ಬೇಕು, ಕೆಹೆಚ್ (ನೀರಿನ ಕಾರ್ಬೊನೇಟ್ ಗಡಸುತನದ ಅಳತೆ) ಸೊನ್ನೆಯಿಂದ ಮೂರರ ಒಳಗೆ. ಉಷ್ಣತೆ 22ರಿಂದ 28 ಡಿಗ್ರಿ. ಬೆಳಕು ಜೋರು. ನೀರಲ್ಲಿ ಕರಗಿದ ಸಿಓಟೂ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಅಂದ್ರೆ ಸುಮ್ಮನೆ ಗಾಳಿಗೆ ಬಿಟ್ಟ ನೀರಲ್ಲಿ ಇರುವುದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು. ನೈಟ್ರೇಟ್ ಕಮ್ಮಿ ಇದ್ರೆ ಕೆಂಪು ಏರ್ತದೆ, ತೀರಾ ಕಮ್ಮಿ ಆದ್ರೆ ಗಿಡವೇ ಇರುವುದಿಲ್ಲ. ಕಬ್ಬಿಣ ದಿನಾ ಸ್ವಲ್ಪ ಸ್ವಲ್ಪ. ಮತ್ತೆ ಒಂದು ಮುಖ್ಯ ಸಂಗತಿ, ಮುಟ್ಟಬಾರದು. ಕಿತ್ತು ಜಾಗ ಬದಲಿಸಿದ್ರೆ ಒಂದು ವಾರ ಮುಖ ಗಂಟು.

ಸಿಓಟೂ ಯಾಕೆ ಇಷ್ಟು ದೊಡ್ಡ ವಿಷಯ ಅಂದ್ರೆ, ಗಾಳಿಯಲ್ಲಿ ಅನಿಲ ಹರಡುವ ವೇಗಕ್ಕೆ ಹೋಲಿಸಿದ್ರೆ ನೀರಲ್ಲಿ ಹರಡುವುದು ಹತ್ತು ಸಾವಿರ ಪಟ್ಟು ನಿಧಾನ. ಎಲೆಯ ಬುಡದಲ್ಲೇ ಇದ್ರೂ ಎಲೆಗೆ ಮುಟ್ಟುವುದಿಲ್ಲ. ಊಟ ಅಡಿಗೆಮನೆಯಲ್ಲಿ ಉಂಟು, ಬಡಿಸುವವರಿಲ್ಲ, ಹಾಗೆ. ಅದಕ್ಕೇ ಸಿಲಿಂಡರ್, ರೆಗ್ಯುಲೇಟರ್, ಸೂಜಿ ವಾಲ್ವ್, ಗುಳ್ಳೆ ಎಣಿಸುವ ಗಾಜಿನ ಬುರುಡೆ, ಸಿಓಟೂ ಏರಿದ ಹಾಗೆ ಬಣ್ಣ ಬದಲಿಸುವ, ಬೆಳಿಗ್ಗೆ ನೀಲಿ ಇದ್ದು ಮಧ್ಯಾಹ್ನಕ್ಕೆ ಹಸಿರಾಗುವ ಇನ್ನೊಂದು ಬುರುಡೆ. ಹಸಿರು ದಾಟಿ ಹಳದಿ ಆಯ್ತೋ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ.

ಗೊಬ್ಬರಕ್ಕೆ ಮಾತ್ರ ನಾನು ಪೈಸೆ ಕೊಡ್ಲಿಲ್ಲ. ಬಾಟ್ಲಿಯಲ್ಲಿ ಬರುವ ಬಣ್ಣದ ನೀರಿನ ಲೇಬಲ್ ಓದಿದೆ, ಪೊಟಾಶಿಯಂ ನೈಟ್ರೇಟ್, ಮೋನೋ ಪೊಟಾಶಿಯಂ ಫಾಸ್ಫೇಟ್. ಅರೆ, ಇದು 13:0:45 ಮತ್ತು 0:52:34 ಅಲ್ವಾ, ಅಪ್ಪ ಅಡಿಕೆ ಸಿಂಗಾರಕ್ಕೆ ಬಿಡ್ಲಿಕ್ಕೆ ತಂದಿಟ್ಟದ್ದು ಕೊಟ್ಟಿಗೆಯ ಅಟ್ಟದಲ್ಲೇ ಉಂಟಲ್ಲ. ಒಂದು ಚಮಚ ತೆಗೆದ್ರೆ ನನಗೆ ತಿಂಗಳಿಗಾಯ್ತು. ಅಪ್ಪನಿಗೆ ಅದು ಗೊತ್ತಾದದ್ದು ಚೀಲದ ಬಾಯಿಗೆ ನಾನು ಕಟ್ಟಿದ ಗಂಟು ನೋಡಿ. ಅಪ್ಪನ ಗಂಟೇ ಬೇರೆ.

ಮತ್ತೆ ಮಣ್ಣು. ಇದನ್ನು ಬರೆಯದೆ ಬಿಡ್ಲಿಕ್ಕಾಗುವುದಿಲ್ಲ. ನಾನು ಮೊದಲು ಟ್ಯಾಂಕಿನ ತಳಕ್ಕೆ ವಿದೇಶದ ಕರಿ ಗುಳಿಗೆ ಮಣ್ಣು ತರಿಸಿ ಹಾಕಿದ್ದೆ, ಅದರ ಬೆಲೆ ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ಆಮೇಲೆ ಓದಿದ್ದು, 1980ರ ದಶಕದಲ್ಲಿ ಜರ್ಮನಿಯ ಡುಪ್ಲ ಅನ್ನುವ ಕಂಪೆನಿಯವರು ಗಿಡದ ಟ್ಯಾಂಕಿಗೆ ಅಂತ್ಲೇ ಲ್ಯಾಟರೈಟ್ ಪ್ಯಾಕ್ ಮಾಡಿ ಮಾರ್ತಿದ್ರು, ಉಷ್ಣವಲಯದ ಗಿಡಕ್ಕೆ ಕಬ್ಬಿಣ ಬೇಕು, ಅದು ಅಲ್ಲಿಯ ಕೆಂಪು ಮಣ್ಣಲ್ಲುಂಟು ಅಂತ. ಲ್ಯಾಟರೈಟ್! ನಮ್ಮ ಮುರಕಲ್ಲು! ನಾನು ಕೂತಿರುವ ಮನೆಯ ಗೋಡೆ, ಬಾವಿಯ ಕಟ್ಟೆ, ಪಾಯಿಖಾನೆ, ದನದ ಹಟ್ಟಿ, ಎಲ್ಲ ಅದೇ. ಆ ಹೆಸರು ಹುಟ್ಟಿದ್ದೂ ಇಲ್ಲೇ ಕೆಳಗೆ, 1800ರಲ್ಲಿ ಮದ್ರಾಸಿನಿಂದ ಮೈಸೂರು, ಮಲಬಾರು, ಕೆನರಾ ಎಲ್ಲ ಸುತ್ತಿದ ಈಸ್ಟ್ ಇಂಡಿಯಾ ಕಂಪೆನಿಯ ಫ್ರಾನ್ಸಿಸ್ ಬುಕಾನನ್ ಮಲಪ್ಪುರದ ಅಂಗಾಡಿಪುರಂನಲ್ಲಿ ಜನ ಮಣ್ಣನ್ನೇ ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ನೋಡಿ, ಲ್ಯಾಟಿನಿನಲ್ಲಿ ಇಟ್ಟಿಗೆಗೆ ಏನು ಹೇಳ್ತಾರೋ ಅದನ್ನೇ ಹೆಸರು ಮಾಡಿ 1807ರ ಪುಸ್ತಕದಲ್ಲಿ ಹಾಕಿದ. ಸರಿ, ಜರ್ಮನಿಯವರು ಪೈಸೆ ಕೊಟ್ಟು ಕೊಳ್ಳುವುದು ನನ್ನ ಅಂಗಳದಲ್ಲಿ ಬಿದ್ದುಕೊಂಡಿರುವಾಗ ನನಗೆಂತ ಅಂತ ಹಟ್ಟಿಯ ಹಿಂದೆ ಬಿದ್ದಿದ್ದ ಒಂದು ಕಲ್ಲು ಕುಟ್ಟಿ ಪುಡಿ ಮಾಡಿ ಟ್ಯಾಂಕಿಗೆ ಹಾಕಿದೆ. ಓಕುಳಿ! ಹತ್ತು ದಿನ ಮೀನೂ ಕಾಣ್ಲಿಲ್ಲ, ಗಿಡವೂ ಕಾಣ್ಲಿಲ್ಲ. ಅಮ್ಮ ಬಂದು ಗಾಜಿನ ಹತ್ರ ಮುಖ ಇಟ್ಟು "ಒಳಗೆ ಯಾರಾದ್ರೂ ಇದ್ದೀರಾ" ಅಂತ ಕೇಳಿದ್ರು. ಪುಡಿಯನ್ನು ಮೊದಲು ತೊಳೆದು, ಮರಳಿನ ಅಡಿಗೆ ಹಾಕ್ಬೇಕು ಅನ್ನುವುದು ಆಮೇಲೆ ಗೊತ್ತಾಯ್ತು. ಕಬ್ಬಿಣ ತುಕ್ಕಿನ ರೂಪದಲ್ಲಿ ಇರುವವರೆಗೆ ಬೇರಿಗೆ ಸಿಗುವುದಿಲ್ಲ, ಅಡಿಯಲ್ಲಿ ಗಾಳಿಯಾಡದ ಕೆಸರಿನ ಹಾಗೆ ಆದ ಮೇಲೆ ಮಾತ್ರ ಬಿಟ್ಟುಕೊಡ್ತದೆ. ಗದ್ದೆಯ ಕೆಸರು ಮಾಡುವುದೂ ಅದನ್ನೇ.

ನೀಲಿ ಡ್ರಮ್ಮು

ಎರಡನೇ ವರ್ಷದ ಆಟಿಯ ಹೊತ್ತಿಗೆ ಗಿಡ ಒಂದು ಹಂತಕ್ಕೆ ಬಂದಿತ್ತು. ಹದಿನೈದು ಕಡ್ಡಿ, ತುದಿಯೆಲ್ಲ ಕೆಂಪು, ಸಂಜೆ ಹೊತ್ತಿಗೆ ಎಲೆಯ ಅಂಚಿನಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆ ಸಾಲಾಗಿ ಮೇಲೇರ್ತಿದ್ದವು. ಪಾಚಿ ತಿನ್ಲಿಕ್ಕೆ ಅಂತ ಕೆಂಪು ಚೆರ್ರಿ ಸಿಗಡಿ ಇಪ್ಪತ್ತು ಬಿಟ್ಟಿದ್ದೆ. ಅದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ ಆಗಿತ್ತು, ಈರುಳ್ಳಿಗೇ ಯೋಚನೆ ಮಾಡುವ ಮನೆಯೊಳಗೆ ಎಟ್ಟಿಯಾ ಅಂತ (ಸಿಗಡಿಗೆ ನಮ್ಮಲ್ಲಿ ಎಟ್ಟಿ ಅನ್ನುವುದು). ತಿನ್ನುವುದಕ್ಕಲ್ಲ, ನೋಡುವುದಕ್ಕೆ ಅಂತ ಒಪ್ಪಿಸಿದ್ದೆ.

ನಮ್ಮ ಮನೆಯ ನಲ್ಲಿಗೆ ಬರುವುದು ಕೊಳವೆಬಾವಿಯ ನೀರು, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 240 ತೋರಿಸ್ತದೆ. ಮಳೆನೀರು ಹಿಡಿದು ನೋಡಿದೆ, 8. ಹಾಗಾದ್ರೆ ಈ ಪ್ರಪಂಚದಲ್ಲಿ ಎಲ್ಲರೂ ಆರ್‌ಓ ಮೆಷಿನ್ ಇಟ್ಟು ಮಾಡುವ ನೀರು ಆಕಾಶದಿಂದ ಸುರೀತಾ ಉಂಟು, ನಾನು ಹಿಡಿದರಾಯ್ತಲ್ಲ? ಮಾಡಿನ ನೀರು ಬೀಳುವಲ್ಲಿಗೆ ತೋಟದ ಶೆಡ್ಡಿನಿಂದ ಇನ್ನೂರು ಲೀಟರಿನ ನೀಲಿ ಡ್ರಮ್ ಉರುಳಿಸಿ ತಂದೆ. ಮೂರು ಸಲ ತೊಳೆದೆ, ಇದು ನನಗೆ ಸರಿಯಾಗಿ ನೆನಪುಂಟು, ತೆಂಗಿನ ಚೊಪ್ಪು ಹಾಕಿ ತಿಕ್ಕಿಯೇ ತೊಳೆದದ್ದು. ತುಂಬಿಸಿ, ಸಂಜೆ ಟ್ಯಾಂಕಿನ ಅರ್ಧ ನೀರು ಬದಲಿಸಿ, ಖುಷಿಯಲ್ಲಿ ಮಲಗಿದೆ.

ಬೆಳಿಗ್ಗೆ ಲೈಟು ಹಾಕುವ ಮೊದಲೇ ಗೊತ್ತಾಯ್ತು. ಸಿಗಡಿಗಳು ಯಾವಾಗಲೂ ಹೊತ್ತಾರೆ ಗಾಜಿನ ಮೇಲೆ ಇರ್ತಿದ್ದವು, ಒಂದೂ ಇಲ್ಲ. ಟಾರ್ಚ್ ಹಾಕಿದೆ. ಎಲ್ಲ ಕೆಳಗೆ, ಮರಳಿನ ಮೇಲೆ, ಕೆಲವು ಅಡ್ಡ ಬಿದ್ದು ಕಾಲು ಮಾತ್ರ ಆಡಿಸ್ತಾ ಇದ್ದವು, ಉಳಿದವು ಬೇಯಿಸಿದ ಹಾಗೆ ಬಿಳಿಚಿ ಸುರುಟಿದ್ದವು. ಮೀನಿಗೆ ಎಂತದೂ ಆಗಿರ್ಲಿಲ್ಲ. ನಾನು ಒಂದು ಸಣ್ಣ ಬಲೆ ಹಿಡ್ಕೊಂಡು ಒಂದೊಂದನ್ನೇ ತೆಗೆದು ಉಕ್ಕಿನ ಲೋಟಕ್ಕೆ ಹಾಕ್ತಾ ಇದ್ದೆ, ಅಪ್ಪ ಹಿಂದಿನಿಂದ ಬಂದು ನೋಡಿ, ಅಂಗಳಕ್ಕೆ ಇಳಿದು, ಡ್ರಮ್ಮಿನ ಬಾಯಿಯ ಒಳಗಡೆ ಅಂಚಿಗೆ ಬೆರಳು ಉಜ್ಜಿ ತಂದು ನನ್ನ ಮುಂದೆ ಹಿಡಿದ್ರು. ಬೆರಳ ತುದಿಯಲ್ಲಿ ತೆಳ್ಳಗೆ ನೀಲಿ. ಡ್ರಮ್ಮೇ ನೀಲಿ, ಹಾಗಾಗಿ ನನಗೆ ಕಂಡಿರ್ಲಿಲ್ಲ.

ಮೈಲುತುತ್ತು, ಅಂದ್ರೆ ತಾಮ್ರದ ಸಲ್ಫೇಟ್. ಆ ಡ್ರಮ್ಮಿನಲ್ಲಿ ಕಳೆದ ಹತ್ತು ವರ್ಷ ಅಡಿಕೆಗೆ ಬಿಡುವ ಮದ್ದು ಕಲಸಿದ್ದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವ ಲೆಕ್ಕ. ಕೊಳೆರೋಗಕ್ಕೆ ಈ ಬೋರ್ಡೋ ಮದ್ದನ್ನು ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ತೋರಿಸಿಕೊಟ್ಟು ನೂರು ವರ್ಷ ದಾಟಿತು, ಇವತ್ತಿಗೂ ನಮ್ಮಲ್ಲಿ ಬಿಡುವುದು ಅದನ್ನೇ. ತಾಮ್ರ ಅಂದ್ರೆ ಶಿಲೀಂಧ್ರಕ್ಕೂ ಯಮ, ಸಿಗಡಿಗೂ ಯಮ. ವಿಚಿತ್ರ ಎಂತ ಅಂದ್ರೆ, ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ ಸಿಗಡಿಯ ರಕ್ತದಲ್ಲಿ ಇರುವುದೇ ತಾಮ್ರ. ಅದರ ಮೈಯಲ್ಲೇ ಇರುವ ವಸ್ತು ನೀರಲ್ಲಿ ಕಣದಷ್ಟು ಹೆಚ್ಚಾದ್ರೆ ಒಂದು ರಾತ್ರಿ ತಡೆಯುವುದಿಲ್ಲ.

ಗಿಡ ಕೂಡ ಒಂದು ವಾರದಲ್ಲಿ ಮುಖ ತಿರುಗಿಸಿತು. ಕುಡಿ ಎಲ್ಲ ಮುರುಟಿ, ಹೊಸ ಎಲೆ ಅಕ್ಕಿಕಾಳಿನಷ್ಟಕ್ಕೇ ನಿಂತು, ಸಾಲು ಗುಳ್ಳೆ ಬಂದ್ ಆಯ್ತು. ಇದ್ದಿಲು ಹಾಕಿ, ದಿನ ಬಿಟ್ಟು ದಿನ ನೀರು ಬದಲಿಸಿ ಮೂರು ಕಡ್ಡಿ ಉಳೀತು. "ಮದ್ದಿನ ಡ್ರಮ್ಮು ಅಂತ ಅದರ ಮೇಲೆ ಬರೆದಿಡ್ಬೇಕಾ?" ಅಂತ ಅಪ್ಪ ಎರಡು ದಿನ ಕೇಳ್ತಾ ಇದ್ರು. ನನಗೆ ಉತ್ತರ ಇರ್ಲಿಲ್ಲ, ಆದ್ರೆ ಮೂರನೇ ದಿನ ಅಪ್ಪನೇ ಊಟ ಮಾಡ್ತಾ ಇದ್ದಕ್ಕಿದ್ದ ಹಾಗೆ ಹೇಳಿದ ಮಾತು ಈಗ್ಲೂ ತಲೆಯಲ್ಲುಂಟು. "ತೋಡಿನಲ್ಲಿ ಮೊದಲು ಎಷ್ಟು ಎಟ್ಟಿ ಇತ್ತು. ಈಗ ಕಾಣುವುದಿಲ್ಲ." ಅಷ್ಟೇ. ಮಜ್ಜಿಗೆ ಹಾಕಿಸ್ಕೊಂಡ್ರು. ನಮ್ಮ ತೋಟದ ಕಣಿಯ ನೀರೆಲ್ಲ ಹೋಗಿ ಸೇರುವುದು ಅದೇ ತೋಡಿಗೆ. ಮತ್ತೆ ಆ ತೋಟ ಎಂತ, ಅದೇ ಕೆಳಗಿನ ಬೈಲು. ನಾನು ಹುಟ್ಟುವ ಮೊದಲೇ ಗದ್ದೆಗೆ ಮಣ್ಣು ಹಾಕಿ ಅಡಿಕೆ ಸಸಿ ನೆಟ್ಟಾಗಿತ್ತು. ಏಣೆಲು, ಸುಗ್ಗಿ, ಕೊಳಕೆ ಅನ್ನುವುದು ನನಗೆ ಬರೀ ಶಬ್ದ. ಕಟ್ಟಪುಣಿಗೆ ಎಸೀಲಿಕ್ಕೂ ಈಗ ಆ ಕೆಂಪು ಕಳೆ ಇಲ್ಲ, ಕಟ್ಟಪುಣಿಯೂ ಇಲ್ಲ. ಇದಕ್ಕಾಗಿ ಅಪ್ಪನನ್ನು ದೂರ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ, ನಾನು ಓದಿದ್ದೂ ಈ ಟ್ಯಾಂಕು ತಂದದ್ದೂ ಅಡಿಕೆಯ ಪೈಸೆಯಲ್ಲೇ.

ಸುರಂಗದ ಬಾಯಲ್ಲಿ

ಡ್ರಮ್ಮಿನ ಕಥೆ ಆದ ಮೇಲೆ ಅಪ್ಪನೇ ಹೇಳಿದ್ದು, ಹಾಗಾದ್ರೆ ಸುರಂಗದ ನೀರು ತರ್ಲಿಕ್ಕಾಗುವುದಿಲ್ವಾ ಅಂತ. ನಮ್ಮ ಗುಡ್ಡೆಯ ಬುಡದಲ್ಲಿ ಅಜ್ಜನ ಕಾಲದ ಸುರಂಗ ಒಂದುಂಟು. ಸುರಂಗ ಅಂದ್ರೆ ಎಂತ ಅಂತ ಕಾಸರಗೋಡಿನವರಿಗೆ ಹೇಳ್ಬೇಕಾಗಿಲ್ಲ, ಹೊರಗಿನವರಿಗೆ ಇಷ್ಟು ಸಾಕು: ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಅಗೆದ ಗುಹೆ. ಕೊಳವೆಬಾವಿ ಬಂದ ಮೇಲೆ ಆ ಕಡೆ ಯಾರೂ ಹೋಗುವುದಿಲ್ಲ. ಮೊದಲು ಅಡಿಕೆ ಮರದ ದಂಬೆಯಲ್ಲಿ ನೀರು ಅಂಗಳದವರೆಗೆ ಬರ್ತಿತ್ತಂತೆ, ಈಗ ಬಾಯಲ್ಲಿ ಇರುವ ಕಲ್ಲಿನ ಮರಿಗೆಗೆ ಬಿದ್ದು, ತುಂಬಿ, ಸುಮ್ಮನೆ ಹರಿದು ಹೋಗ್ತದೆ.

ಕ್ಯಾನು, ಪಿಹೆಚ್ ಪೆನ್ನು, ಕೆಹೆಚ್ ನೋಡುವ ಹನಿ ಬಾಟ್ಲಿ ಎಲ್ಲ ತಕ್ಕೊಂಡು ಹೋದೆ. ಬಾಯಲ್ಲಿ ಬಗ್ಗಿ ನಿಂತ್ರೆ ಮುಖಕ್ಕೆ ತಣ್ಣಗಿನ ಗಾಳಿ, ಬಾವಲಿಯ ವಾಸನೆ. ಒಳಗಿನಿಂದ ಬರುವ ನೀರನ್ನು ನೇರ ಲೋಟಕ್ಕೆ ಹಿಡಿದು ಪೆನ್ನು ಅದ್ದಿದೆ. 6.0. ಪೆನ್ನು ಕೆಟ್ಟಿದೆಯಾ ಅಂತ ಕೊಡವಿ ಪುನಃ ಅದ್ದಿದೆ. ಅಷ್ಟೇ. ಕೆಹೆಚ್ ಒಂದು. ನಮ್ಮಲ್ಲಿ ಸಿಓಟೂ ಅಂದಾಜು ಮಾಡ್ಲಿಕ್ಕೆ ಒಂದು ಲೆಕ್ಕ ಉಂಟು, ಕೆಹೆಚ್ ಅನ್ನು ಮೂರರಿಂದ ಗುಣಿಸಿ, ಪಿಹೆಚ್ ಏಳಕ್ಕಿಂತ ಒಂದು ಕೆಳಗಿದ್ರೆ ಅದನ್ನು ಹತ್ತು ಪಟ್ಟು ಮಾಡ್ಬೇಕು. ಒಂದು ಮೂರಲಿ ಮೂರು, ಮೂರು ಹತ್ತಲಿ ಮೂವತ್ತು. ಮೂವತ್ತು! ನಾನು ಸಿಲಿಂಡರ್ ಹೊತ್ತು ತಲಪಾಡಿ ದಾಟಿ, ವಾಲ್ವ್ ತಿರುಗಿಸಿ, ಬುರುಡೆಯ ಬಣ್ಣ ನೋಡಿ, ಎರಡು ವರ್ಷದಿಂದ ಹಿಡೀಲಿಕ್ಕೆ ಒದ್ದಾಡ್ತಾ ಇದ್ದ ಅಂಕಿ ಗುಡ್ಡೆಯ ಹೊಟ್ಟೆಯಿಂದ ಪುಕ್ಕಟೆ ಬರ್ತಾ ಉಂಟು, ಮರಿಗೆ ತುಂಬಿ ಚೆಲ್ತಾ ಉಂಟು.

ಇದರಲ್ಲಿ ಮಾಯೆ ಎಂತದೂ ಇಲ್ಲ. ಮಳೆನೀರು ಮಣ್ಣಲ್ಲಿ ಇಳಿಯುವಾಗ ಬೇರು, ಹುಳ, ಕೊಳೆಯುವ ಸೊಪ್ಪು ಎಲ್ಲ ಉಸಿರು ಬಿಟ್ಟ ಗಾಳಿಯ ನಡುವೆ ಹಾದು ಬರ್ತದೆ, ಮಣ್ಣಿನೊಳಗಿನ ಗಾಳಿಯಲ್ಲಿ ಸಿಓಟೂ ಹೊರಗಿನದ್ದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಸುರಂಗ ಅಗೆಯುವವರು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಅಗೆಯುವುದು, ಬತ್ತಿ ಮಂಕಾದ್ರೆ ಹಾರೆ ಅಲ್ಲೇ ಬಿಟ್ಟು ಹೊರಗೆ ಬರುವುದು ಅಂತ ಅಪ್ಪ ಹೇಳ್ತಾರಲ್ಲ, ಉಸಿರು ಕಟ್ಟಿಸುವ ಆ ಕೆಟ್ಟ ಗಾಳಿಯಲ್ಲೂ ಇದೇ ಅನಿಲದ ಪಾಲುಂಟು. ಬೆಂಕಿ ಆರಿಸುವ ಅಂಗಡಿಯಲ್ಲಿ ನಾನು ತೂಕಕ್ಕೆ ತರುವುದು ಅದನ್ನೇ. ಅಜ್ಜ ಹೆದರಿ ಹೊರಗೆ ಓಡಿ ಬಂದದ್ದನ್ನು ಮೊಮ್ಮಗ ಪೈಸೆ ಕೊಟ್ಟು ಮನೆಯೊಳಗೆ ತಂದಿಟ್ಟ.

ಸಿಲಿಂಡರ್ ಬಿಸಾಡಿ ಸುರಂಗದ ನೀರು ಹಾಕಿ ಗೆದ್ದೆ ಅಂತ ಬರೀಲಿಕ್ಕೆ ನನಗೂ ಆಸೆ ಇತ್ತು. ಆಗ್ಲಿಲ್ಲ. ಕ್ಯಾನಿನಲ್ಲಿ ತಂದ ನೀರನ್ನು ಬಕೆಟಿಗೆ ಸುರಿದು ಮರುದಿನ ಬೆಳಿಗ್ಗೆ ನೋಡಿದ್ರೆ ಪಿಹೆಚ್ 7.1. ಗ್ಯಾಸ್ ಹಾರಿ ಹೋಗಿ ಮೂವತ್ತು ಇದ್ದದ್ದು ಎರಡೂವರೆ ಆಗಿತ್ತು, ಸೋಡಾ ಬಾಟ್ಲಿ ಮುಚ್ಚಳ ತೆಗೆದಿಟ್ಟ ಹಾಗೆ. ಹರಿಯುವಲ್ಲಿ ಮಾತ್ರ ಅದು ಮೂವತ್ತು. ಹಿಡಿದಿಟ್ರೆ ಇಲ್ಲ. ಹಾಗಾಗಿ ನೀರು ಸುರಂಗದ್ದು, ಗ್ಯಾಸು ಮಂಗಳೂರಿನದ್ದು, ಗೊಬ್ಬರ ಅಪ್ಪನ ಅಟ್ಟದ್ದು ಅಂತ ಒಂದು ಸಂಸಾರ ಈಗ ನಡೀತಾ ಉಂಟು. ಗಿಡ ಆ ನೀರಿಗೆ ಬಂದ ಮೇಲೆ ಸುಧಾರಿಸಿತು, ಮೂರು ಕಡ್ಡಿ ಮತ್ತೆ ಇಪ್ಪತ್ತಾಯ್ತು.

ಯಾರ ನಖ್ರಾ?

ಮೇ ತಿಂಗಳು ಮಾತ್ರ ಸೋಲು. ಇಲ್ಲಿಯ ಸೆಕೆ ಗೊತ್ತಲ್ಲ, ಮಧ್ಯಾಹ್ನ ಟ್ಯಾಂಕಿನ ನೀರು 31 ದಾಟ್ತದೆ, ಬಿಸಿನೀರಲ್ಲಿ ಸಿಓಟೂವೂ ನಿಲ್ಲುವುದಿಲ್ಲ, ಆಕ್ಸಿಜನ್ನೂ ನಿಲ್ಲುವುದಿಲ್ಲ. ಮೇಲೆ ಸಣ್ಣ ಫ್ಯಾನ್ ಕಟ್ಟಿದ್ರೆ ಎರಡು ಡಿಗ್ರಿ ಇಳೀತದೆ, ಕರೆಂಟು ಇದ್ರೆ. ಪ್ರತಿ ಮೇ ತಿಂಗಳಲ್ಲಿ ಅರ್ಧ ಗಿಡ ಕರಗ್ತದೆ, ನಾನು ಪ್ರತಿ ಮೇ ತಿಂಗಳಲ್ಲಿ ಎಂತಾ ನಖ್ರಾದ ಗಿಡ ಮಾರಾಯ ಇದು ಅಂತ ಬೈತೇನೆ.

ಕಳೆದ ಸೋಣ ತಿಂಗಳಲ್ಲಿ ಪಕ್ಕದ ಮನೆಯ ಮಕ್ಕಳು ಓಣಂ ಹೂವಿನ ರಂಗೋಲಿಗೆ ಕಾಕ್ಕಪ್ಪೂ ಕೊಯ್ಲಿಕ್ಕೆ ಪದವಿಗೆ, ಅಂದ್ರೆ ಗುಡ್ಡೆ ಮೇಲಿನ ಮುರಕಲ್ಲಿನ ಬಯಲಿಗೆ ಹೊರಟಿದ್ರು, ನಾನೂ ಹೋದೆ. ಬೇಸಗೆಯಲ್ಲಿ ಅದೇ ಪದವಿನ ಮೇಲೆ ಚಪ್ಪಲಿ ಇಲ್ಲದೆ ನಿಲ್ಲಲಿಕ್ಕಾಗುವುದಿಲ್ಲ, ಕಪ್ಪು ಮುರಕಲ್ಲು, ಒಣ ಹುಲ್ಲು, ಅಷ್ಟೇ. ಈಗ ಕಲ್ಲಿನ ತಗ್ಗುಗಳಲ್ಲೆಲ್ಲ ಗೇಣುದ್ದ ನೀರು, ನೀರಿನ ಸುತ್ತ ಕಾಕ್ಕಪ್ಪೂವಿನ ನೇರಳೆ, ಎಡೆಯಲ್ಲಿ ಬಿಳಿ ಗುಂಡಿಯ ಹಾಗಿನ ಸಣ್ಣ ಹೂಗಳು. ಒಂದು ತಗ್ಗಿನ ಹತ್ರ ಕುಕ್ಕರಗಾಲಲ್ಲಿ ಕೂತು ನೋಡಿದೆ. ಕೆಳಗೆ ಒಂದು ಬೆರಳು ದಪ್ಪ ಕೆಂಪು ಕೆಸರು, ಅದರಿಂದ ಎದ್ದ ಸಪೂರ ಗಿಡಗಳು, ನೀರಿನ ಒಳಗಿನ ಎಲೆ ಕೆಂಪುಗಂದು, ಮೇಲೆ ಬಂದ ತುದಿ ಹಸಿರು. ಮಕ್ರಾಂಡ್ರ ಅಲ್ಲ, ಎಲೆ ತೀರಾ ಸಣ್ಣದು, ಆದ್ರೆ ಎದುರೆದುರು ಜೋಡಿ ಎಲೆ, ಅದೇ ನಿಲುವು. ಪೂರ್ತಿ ಬಿಸಿಲಿನ ಬೆಳಕನ್ನು ನಮ್ಮ ಮಾಪಕದಲ್ಲಿ ಅಳೆದ್ರೆ 2000 ಬರ್ತದೆ, ಬೆಲೆಬಾಳುವ ನನ್ನ ಲೈಟು ಟ್ಯಾಂಕಿನ ತಳಕ್ಕೆ ಕೊಡುವುದು ನೂರು. ಮೋಡ ಸರಿದು ಬಿಸಿಲು ಬಿತ್ತು, ನೋಡ್ತಾ ಇದ್ದ ಹಾಗೆ ಒಂದು ಎಲೆಯ ತುದಿಯಲ್ಲಿ ಗುಳ್ಳೆ ಹುಟ್ಟಿ, ಸಾಸಿವೆಯಷ್ಟಾಗಿ, ಕಳಚಿ ಮೇಲೆ ಹೋಯ್ತು. ಪಕ್ಕದಲ್ಲಿ ಒಂದು ದನ ಅದೇ ನೀರು ಕುಡೀತಾ ಇತ್ತು.

ಅಲ್ಲಿ ಕೂತಾಗ ಹೊಳೆದದ್ದು, ಈ ಜಾತಿಯ ಗಿಡ ಮೇ ತಿಂಗಳಲ್ಲಿ ಇಲ್ಲಿ ಇರುವುದೇ ಇಲ್ಲ. ಮಳೆಗೆ ಮೊಳೀತದೆ, ನೀರಲ್ಲಿ ಬೆಳೀತದೆ, ನೀರು ಇಳಿಯುವಾಗ ತಲೆ ಎತ್ತಿ ಹೂ ಬಿಟ್ಟು, ಬೀಜ ಮಾಡಿ ಕೆಸರಲ್ಲಿ ಬಿಟ್ಟು ಹೋಗ್ತದೆ. ಬೇಸಗೆಯಲ್ಲಿ ಅದು ಬರೀ ಧೂಳಿನೊಳಗಿನ ಬೀಜ. ಅದಕ್ಕೆ ಬೇಕಾದ್ದು ನಾಲ್ಕು ತಿಂಗಳು. ಹನ್ನೆರಡು ತಿಂಗಳು ಮಳೆಗಾಲ ಆಗ್ಬೇಕು, ಯಾವತ್ತೂ ನೀರಿನ ಒಳಗೇ ಇರ್ಬೇಕು, ಯಾವತ್ತೂ ಹೂ ಬಿಡಬಾರದು, ಯಾವತ್ತೂ ಕೆಂಪೇ ಇರ್ಬೇಕು ಅಂತ ಹಠ ಹಿಡಿದದ್ದು ನಾನು. ಬೆಳಕು ಲೈಟಿನಿಂದ, ಸೆಲೆ ಸಿಲಿಂಡರಿನಿಂದ, ತಂಪು ಫ್ಯಾನಿನಿಂದ, ಹೀಗೆ ಒಂದು ಸೋಣ ತಿಂಗಳನ್ನು ತುಂಡು ತುಂಡು ಮಾಡಿ ಕ್ರಯಕ್ಕೆ ತಂದು ಹಾಲಿನಲ್ಲಿ ಜೋಡಿಸಿಟ್ಟು, ಗಿಡದ ಮೇಲೆ ನಖ್ರಾದ ಆರೋಪ. ಆದ್ರೂ ಮನೆಗೆ ಬಂದು ಸಿಲಿಂಡರ್ ಬಂದ್ ಮಾಡಿದೆನಾ? ಇಲ್ಲ. ಬಂದ ಕೂಡ್ಲೇ ಗುಳ್ಳೆ ಎಣಿಸಿದೆ, ಸೆಕೆಂಡಿಗೆ ಎರಡು, ಸರಿ ಉಂಟು ಅಂತ.

ಕತ್ತರಿಸಿದ ತುಂಡುಗಳು

ಮಕ್ರಾಂಡ್ರ ನೀರಿನ ಮೇಲ್ಮೈ ಮುಟ್ಟಿದ್ರೆ ತುದಿ ಕತ್ತರಿಸಿ ಅದನ್ನೇ ನೆಡ್ಬೇಕು, ಕೆಳಗಿನ ಬೋಳು ಕಾಂಡ ಎಸೀಬೇಕು. ಎಲ್ಲಿಗೆ ಎಸೆಯುವುದು ಅನ್ನುವುದು ನನಗೆ ಸ್ವಲ್ಪ ತಲೆಬಿಸಿಯ ವಿಷಯ. 2020ರಲ್ಲಿ ಕೋಳಿಕ್ಕೋಡಿನ ಪೇರಾಂಬ್ರದ ಹತ್ರ ಆವಳ ಪಾಂಡಿಯಲ್ಲಿ ತೋಡಿಡೀ ಗುಲಾಬಿ ಹೂವಾಗಿ ಜನ ಫೋಟೋ ತೆಗೀಲಿಕ್ಕೆ ಮುಗಿಬಿದ್ರಲ್ಲ, ಆ ಕಬೊಂಬ ದಕ್ಷಿಣ ಅಮೆರಿಕದ್ದು, ನಮ್ಮಂಥವರ ಅಕ್ವೇರಿಯಂ ಗಿಡ. ಚೆಂದ ಇತ್ತು, ಆದ್ರೆ ಅದರ ಅಡಿಯಲ್ಲಿ ಬೇರೆ ಎಂತ ಬೆಳೀಲಿಕ್ಕೆ ಜಾಗ ಉಂಟು? ಹಾಗಾಗಿ ನಾನು ತೋಡಿಗೆ ಎಂತದೂ ಹಾಕುವುದಿಲ್ಲ, ಒಣಗಿಸಿ ಅಮ್ಮನ ಅಬ್ಬಲಿಗೆಯ ಬುಡಕ್ಕೆ. ಒಮ್ಮೆ ಮಾತ್ರ, ನೀರು ತರ್ಲಿಕ್ಕೆ ಹೋಗುವಾಗ ಕೈಯಲ್ಲಿದ್ದ ಏಳೆಂಟು ಬೋಳು ತುಂಡುಗಳನ್ನು, ಇದು ದಕ್ಷಿಣ ಭಾರತದ್ದೇ ಗಿಡ ಅಲ್ವಾ ಅಂತ ಒಂದು ಧೈರ್ಯದಲ್ಲಿ, ಸುರಂಗದ ಬಾಯಿಯ ಮರಿಗೆಯ ಅಂಚಿನ ಕೆಸರಲ್ಲಿ ಚುಚ್ಚಿ ಬಂದಿದ್ದೆ. ಮರೆತೂ ಹೋಗಿತ್ತು.

ಮೊನ್ನೆ ಚೌತಿಗೆ ಮೊದಲು ಅಪ್ಪ ಸುರಂಗದ ದಾರಿ ಕಾಡು ಕಡಿಸ್ತಾ ಇದ್ರು. ನಾನು ಕ್ಯಾನು ಹಿಡ್ಕೊಂಡು ಹೋದಾಗ ಕೆಲಸಕ್ಕೆ ಬಂದ ಅಣ್ಣ ಮರಿಗೆಯ ಹತ್ರ ಮುಟ್ಟಿದ್ರು. ಮರಿಗೆಯ ಅಂಚಿಡೀ ದುಂಡು ದುಂಡು ಹಸಿರು ಎಲೆಯ ಒಂದು ಗಿಡ ದಟ್ಟವಾಗಿ ಹಬ್ಬಿತ್ತು, ಕೆಂಪಿನ ಸುಳಿವೂ ಇಲ್ಲ, ನೋಡಿದ್ರೆ ಯಾವುದೋ ಕಳೆ. ನನಗೇ ಗುರುತು ಹತ್ತಲಿಕ್ಕೆ ಎರಡು ನಿಮಿಷ ಬೇಕಾಯ್ತು. ಕಾಂಡ ನೀರಿಗೆ ಇಳಿಬಿದ್ದಲ್ಲಿ ಮಾತ್ರ, ಸೆಲೆಯ ನೀರು ಬೀಳುವ ಜಾಗದಲ್ಲಿ, ಎರಡು ಗೆಣ್ಣಿನಷ್ಟು ಉದ್ದ ಆ ಬಣ್ಣ ಇತ್ತು, ನನ್ನ ಟ್ಯಾಂಕಿನಲ್ಲಿ ಇದುವರೆಗೆ ಬಾರದಷ್ಟು. ಆ ಅಣ್ಣ ಕತ್ತಿ ಎತ್ತಿದ್ರು. ನಾನು ಬಾಯಿ ತೆರೆಯುವ ಮೊದಲೇ ಮೇಲಿನ ದರೆಯಿಂದ ಅಪ್ಪನ ಸ್ವರ ಬಂತು, ತುಳುವಿನಲ್ಲಿ:

"ಅವು ಇಪ್ಪಡ್ ಮಾರಾಯ. ಕಾಸ್ ಕೊರ್ದು ಕನತಿನ ಅವು."

ಇರ್ಲಿ ಮಾರಾಯ, ಅದು ದುಡ್ಡು ಕೊಟ್ಟು ತಂದದ್ದು. ಅಣ್ಣ ಕತ್ತಿ ಇಳಿಸಿ ಮರಿಗೆಯನ್ನೊಮ್ಮೆ ನೋಡಿದ್ರು, ನನ್ನನ್ನೊಮ್ಮೆ ನೋಡಿದ್ರು, ಎಂತದೂ ಕೇಳದೆ ಆಚೆ ಬದಿಯ ಮುಳ್ಳಿಗೆ ಹೋದ್ರು. ನಾನು ಕ್ಯಾನು ತುಂಬಿಸಿಕೊಂಡು ಬಂದೆ.